ನೆರಳಿನ ಮನೆಯಿಂದ ಬಿಸಿಲ ಮೀಟರಿಗೆ

ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆಯಿದೆ. ಪೆನ್ಸಿಲ್ವೇನಿಯಾದ ಹಳೆಯ ಕಲ್ಲಿದ್ದಲು ಊರು ಬ್ರೆನ್ನರ್ಸ್ ಪ್ಯಾಚ್‌ನ ಹಿಂಬದಿ ಓಣಿಯಲ್ಲಿ ಟಾರ್ಚಿನ ಬೆಳಕೊಂದು ಗೋಡೆಯಿಂದ ಗೋಡೆಗೆ ಹೋಗುತ್ತಿದೆ. ಮಾರ್ಚ್ ಒಂದನೇ ತಾರೀಕು. ಗಟ್ಟಿಯಾದ ಹಿಮ ಕಾಲಡಿ ಕರಕರ ಎನ್ನುತ್ತದೆ. ಟಾರ್ಚ್ ಹಿಡಿದವರು ಅರವತ್ತಮೂರು ವರ್ಷದ ಬರ್ನಡೀನ್ ಹುಡಾಕ್. ಗೋಡೆಯ ಎರಡು ಮೀಟರುಗಳಲ್ಲಿ ದೊಡ್ಡದನ್ನು ಬಿಟ್ಟು ಚಿಕ್ಕದರ ಗಾಜನ್ನು ಕೈಗವಸಿನಿಂದ ಒರೆಸುತ್ತಾರೆ, ಅಂಕಿಗಳನ್ನು ಬಾಯಲ್ಲೇ ಹೇಳಿಕೊಂಡು ಪೆನ್ಸಿಲಿನಲ್ಲಿ ಬರೆಯುತ್ತಾರೆ, ಶಿಲುಬೆಯ ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.

"ಬಿಸಿಲು ಬಂದ್ಮೇಲೆ ಅಂಕಿ ಓಡೋಕೆ ಶುರುಮಾಡುತ್ತೆ. ಅದು ಮಲಗಿದ್ದಾಗಲೇ ಓದ್ಬಿಡ್ಬೇಕು," ಎನ್ನುತ್ತಾರೆ. "ದೊಡ್ಡ ಮೀಟರು ವಿದ್ಯುತ್ ಕಂಪನಿಯದು. ಚಿಕ್ಕದು ಸೂರ್ಯಂದು. ಜನ ತಾವೇ ಓದೋಕೆ ಹೋಗಿ ದೊಡ್ಡದನ್ನ ಬರ್ಕೊಂಡು ಕೂತಿರ್ತಾರೆ."

ಇಪ್ಪತ್ತೆರಡು ವರ್ಷ ಅವರು ವಿದ್ಯುತ್ ಕಂಪನಿಗೇ ಮೀಟರ್ ಓದುತ್ತಿದ್ದವರು. ತಾನಾಗಿ ಲೆಕ್ಕ ಕಳಿಸುವ ಮೀಟರುಗಳು ಬಂದ ದಿನ ಕಂಪನಿಯವರು ಒಂದು ಕೇಕು ಕತ್ತರಿಸಿ ಅವರನ್ನು ಮನೆಗೆ ಕಳಿಸಿದರು. ಆದರೆ ಚಾವಣಿಗೆ ಸೌರ ಹಲಗೆ ಹಾಕಿಸಿಕೊಂಡ ಮುದುಕರಿಗೆ ಪ್ರತಿ ತಿಂಗಳು ಚಿಕ್ಕ ಮೀಟರಿನ ಅಂಕಿಯನ್ನು ಸೌರ ವಿದ್ಯುತ್ತಿನ ಲೆಕ್ಕವಿಡುವ ಆನ್‌ಲೈನ್ ನೋಂದಣಿಗೆ ಏರಿಸುವುದು ತಲೆನೋವಾಗಿತ್ತು. ಆ ಕೆಲಸವನ್ನು ಹನ್ನೊಂದು ವರ್ಷದ ಹಿಂದೆ ಬರ್ನಡೀನ್ ಹಿಡಿದರು. ಈಗ ನಾಲ್ಕು ಊರು, ನೂರಹದಿನೆಂಟು ಮನೆ, ತಿಂಗಳ ಮೊದಲ ಐದು ಬೆಳಗು. ಬಲ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡೇ ಹೊರಡುತ್ತಾರೆ.

ಹಲಗೆಗಳು ಸಾವಿರ ಯೂನಿಟ್ ಹುಟ್ಟಿಸಿದರೆ ಮನೆಯವರಿಗೆ ಒಂದು ಪ್ರಮಾಣಪತ್ರ. ಅದು ಕಾಗದವಲ್ಲ, ನೋಂದಣಿಯಲ್ಲಿ ಒಂದು ಸಾಲು, ಅಷ್ಟೇ. ವಿದ್ಯುತ್ ಮಾರುವ ಕಂಪನಿಗಳು ಇಂತಿಷ್ಟು ಪಾಲು ಸೂರ್ಯನದೇ ಎಂದು ಕಾನೂನಿಗೆ ತೋರಿಸಬೇಕು. ಆ ಪಾಲು ಕಡಿಮೆ ಬಿದ್ದವರು ಮನೆಯವರಿಂದ ಈ ಸಾಲುಗಳನ್ನು ಕೊಳ್ಳುತ್ತಾರೆ. ವಿದ್ಯುತ್ತು ಮನೆಯಲ್ಲೇ ಉರಿಯುತ್ತದೆ, ಪ್ರಮಾಣಪತ್ರ ಮಾತ್ರ ಸಂತೆಗೆ ಹೋಗುತ್ತದೆ.

ಇಷ್ಟೆಲ್ಲ ಬಲ್ಲ ಬರ್ನಡೀನರ ಚಾವಣಿಯ ಮೇಲೆ ಒಂದು ಹಲಗೆಯೂ ಇಲ್ಲ.

ಅವರದು ಜೋಡಿಮನೆಯ ಅರ್ಧ. ನಡುವೆ ಒಂದೇ ಗೋಡೆ, ಆಚೆ ಇನ್ನರ್ಧ. ಅಪ್ಪ ತೀರಿಕೊಂಡಾಗ ಅಣ್ಣ ನಿಕ್ ಮೊದಲು ಆರಿಸಿಕೊಂಡ. ಬರ್ನಡೀನರಿಗೆ ಉಳಿದದ್ದು ಗಣಿಯ ಕಸದ ಕರಿಗುಡ್ಡದ ಕಡೆಯ ಭಾಗ. ಆ ಗುಡ್ಡದ ಮೇಲೆ ಬೆಳೆದ ಬರ್ಚ್ ಮರಗಳು ಮಧ್ಯಾಹ್ನವಾಗುವುದರೊಳಗೆ ಅವರ ಚಾವಣಿಯನ್ನು ನೆರಳಿನಲ್ಲಿ ಮುಚ್ಚುತ್ತವೆ. ಅಳೆಯಲು ಬಂದವನು ಹೇಳಿದ ಅಂಕಿ ಬಾಯಿಪಾಠವಾಗಿದೆ: ಅಣ್ಣನ ಕಡೆ ನೂರಕ್ಕೆ ತೊಂಬತ್ತೆರಡು ಬಿಸಿಲು, ತಮ್ಮ ಕಡೆ ನಲವತ್ತೊಂದು.

ಅತ್ತಿಗೆ ಓಲ್ಗಾ ವರ್ಷಕ್ಕೆ ಒಂಬತ್ತು ಪ್ರಮಾಣಪತ್ರ ಎಣಿಸುತ್ತಾರೆ. ಪ್ರತಿ ಭಾನುವಾರ ಪೂಜೆ ಮುಗಿದು ಕಾಫಿ ಕುಡಿಯುವಾಗ ಅದನ್ನು ನಾಲ್ಕು ಜನಕ್ಕೆ ಹೇಳುತ್ತಾರೆ. "ಗೋಡೆಯಾಚೆ ಅವಳ ಬಟ್ಟೆ ಒಣಗಿಸೋ ಯಂತ್ರ ಮಧ್ಯಾಹ್ನವೆಲ್ಲ ಗುಂಯ್ ಅಂತಿರುತ್ತೆ," ಎನ್ನುತ್ತಾರೆ ಬರ್ನಡೀನ್. "ನಾನು ನೆಲಮಾಳಿಗೆಯಲ್ಲಿ ಹಗ್ಗಕ್ಕೆ ಹಾಕಿರ್ತೀನಿ. ಒದ್ದೆ ಕಾಲುಚೀಲ ಹಿಡ್ಕೊಂಡು ಆ ಸದ್ದು ಕೇಳ್ತಾ ನಿಲ್ತೀನಿ. ದೇವರು ಕ್ಷಮಿಸ್ಲಿ, ಪ್ರಾರ್ಥನೆ ಮಾಡುವಾಗಲೂ ಅದೇ ಕೇಳುತ್ತೆ."

ಈ ಉರಿ ಹೋದ ತಿಂಗಳು ಚರ್ಚಿನ ಅಡುಗೆಮನೆಗೆ ಬಂತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಿಗೆ ಹೆಂಗಸರೆಲ್ಲ ಕೂತು ಪಿರೋಹಿ ಎಂಬ ಕಡುಬು ಮಡಿಸುತ್ತಾರೆ. ಆಲೂಗಡ್ಡೆ ತುಂಬಿ, ಅಂಚು ಚಿವುಟಿ, ಬೇಯಿಸಿ ಮಾರಿದ್ದೇ ಚರ್ಚಿನ ವರ್ಷದ ಆಸರೆ. ಕಳೆದ ಬೇಸಿಗೆಯಲ್ಲಿ ಚರ್ಚಿನ ಹಾಲ್‌ಗೂ ಸೌರ ಹಲಗೆ ಬಂದಿತ್ತು. ಓಲ್ಗಾ ಅವರ ಸಲಹೆಯಂತೆ ಅದರ ಪ್ರಮಾಣಪತ್ರಗಳನ್ನು ಮೂರು ವರ್ಷಕ್ಕೆ ಒಬ್ಬ ದಲ್ಲಾಳಿಗೆ ಮಾರಿದ್ದೂ ಆಗಿತ್ತು. ಈಗ ಚೀಲಗಳ ಮೇಲೆ 'ಬರೀ ಬಿಸಿಲಲ್ಲಿ ಬೆಂದ ಪಿರೋಹಿ' ಎಂದು ಅಚ್ಚು ಹಾಕಿಸುವುದು ಓಲ್ಗಾ ಅವರ ಆಸೆ. ನಾಲ್ಕು ಸಾವಿರ ಚೀಲ.

ಆ ಮಾತು ಸಲ್ಲದು ಎಂದು ಬರ್ನಡೀನರಿಗೆ ಗೊತ್ತು. ತಾವು ಹೇಳಿದರೆ ಊರಿಗೆಲ್ಲ ಕೇಳಿಸುವುದು ಬರೀ ಹೊಟ್ಟೆಕಿಚ್ಚು ಎಂಬುದೂ ಗೊತ್ತು. ವಾರವಿಡೀ ಒದ್ದಾಡಿ ಪಾಪನಿವೇದನೆಗೆ ಹೋದರು.

"ಫಾದರ್, ನಂಗೆ ಹೇಳ್ಬೇಕು ಅನ್ನಿಸ್ತಿರೋದು ನಿಜಕ್ಕೋಸ್ಕರನೋ, ಅವಳ ಮುಖ ಬಾಡೋದು ನೋಡೋಕೋ, ಗೊತ್ತಾಗ್ತಿಲ್ಲ."

"ಎರಡೂ ಇರಬಹುದಮ್ಮ," ಎಂದರಂತೆ ಪಾದ್ರಿ. "ಹೇಳೋದನ್ನ ಹೇಳು. ಮುಖ ನೋಡ್ಬೇಡ."

ಮೇಜಿನ ಸುತ್ತ ಹನ್ನೆರಡು ಮಂದಿ, ಹಿಟ್ಟಾದ ಕೈಗಳು. ಓಲ್ಗಾ ಚೀಲದ ಮಾದರಿ ಎತ್ತಿ ತೋರಿಸಿದಾಗ ಬರ್ನಡೀನ್ ಕಣಕದ ಮೇಲೆ ಕಣ್ಣಿಟ್ಟೇ ಮಾತಾಡಿದರು.

"ಅದು ಹಾಕಂಗಿಲ್ಲ ಅತ್ತಿಗೆ. ಪ್ರಮಾಣಪತ್ರ ಮಾರಿದೀವಿ. ಬಿಸಿಲಿಂದು ಅಂತ ಹೇಳ್ಕೊಳ್ಳೋ ಹಕ್ಕು ಅದರ ಜೊತೆಗೇ ಹೋಯ್ತು. ಆ ಮಾತು ಈಗ ಕೊಂಡವರದು."

"ನಮ್ಮ ಚಾವಣಿ, ನಮ್ಮ ಹಲಗೆ. ಮಾತು ಮಾತ್ರ ಅವರದಾ?"

"ಹಾಲು ನಮ್ದೇ. ಕೆನೆ ತೆಗೆದು ಮಾರಿದೀವಿ. ಇನ್ನು ಕೆನೆಹಾಲು ಅಂತ ಕೂಗೋದು ಹೆಂಗೆ?"

ಓಲ್ಗಾ ಚೀಲ ಕೆಳಗಿಟ್ಟರು. "ಮೂರು ವರ್ಷದಿಂದ ಇದಕ್ಕೇ ಕಾಯ್ತಿದ್ದೆ ಅಲ್ವೇನೇ ಬರ್ನಿ? ನನ್ನ ಕಡೆ ಬಿಸಿಲು ಬಿದ್ರೆ ನಿಂಗೆ ಹೊಟ್ಟೆ ಉರಿ. ಹೊಸ ಸೋಫಾ ತಂದಾಗ ಎರಡು ವಾರ ಮಾತಾಡಿಸ್ಲಿಲ್ಲ ನೀನು."

ಯಾರೋ ಕಿಸಕ್ಕೆಂದರು.

"ಹೌದು, ಕಾಯ್ತಿದ್ದೆ," ಎಂದರು ಬರ್ನಡೀನ್. "ಹೊಟ್ಟೆನೂ ಉರೀತಿದೆ. ಆದ್ರೂ ಮಾತು ನಿಜ."

ಅಡುಗೆಮನೆಯ ಹಿರಿಯರು ಎಂಬತ್ತಾರರ ಜೂಲಿಯಾನಾ ಅಜ್ಜಿ. ಕೈ ತೊಳೆದುಕೊಂಡು ದಲ್ಲಾಳಿಗೆ ತಾವೇ ಫೋನ್ ಮಾಡಿದರು. ಅವನೂ ಅದನ್ನೇ ಹೇಳಿದ: ಮಾರುವುದಾದರೆ ಹೇಳಿಕೊಳ್ಳಬಾರದು, ಹೇಳಿಕೊಳ್ಳುವುದಾದರೆ ಮಾರಬಾರದು. ಅಜ್ಜಿ ಬಂದು ಮತ್ತೆ ಪಿರೋಹಿ ಕೈಗೆತ್ತಿಕೊಂಡರು. "ದೇವರ ಮನೆ ಹಿಟ್ಟಲ್ಲಿ ಸುಳ್ಳು ತುಂಬೋದು ಬೇಡ. ಆಲೂಗಡ್ಡೆ ಸಾಕು."

"ಮುಖ ನೋಡ್ಬಾರ್ದು ಅಂದಿದ್ರು ಫಾದರ್. ಆವಾಗ ನೋಡ್ಬಿಟ್ಟೆ," ಎನ್ನುತ್ತಾರೆ ಬರ್ನಡೀನ್. "ಎಷ್ಟು ಹಿತ ಆಯ್ತು ಗೊತ್ತಾ? ಮನೆಗೆ ಬರೋವರೆಗೂ ಇತ್ತು. ಆಮೇಲೆ ಗೋಡೆಯಾಚೆ ಆ ಯಂತ್ರ ಅವತ್ತು ತಿರುಗ್ಲೇ ಇಲ್ಲ. ರಾತ್ರಿ ಊಟ ಸೇರ್ಲಿಲ್ಲ ನಂಗೆ."

ಅಂದಿನಿಂದ ಅತ್ತಿಗೆ ಮಾತು ಬಿಟ್ಟಿದ್ದಾರೆ. ಬೇರೆಯವರಿಂದ ಮೀಟರ್ ಓದಿಸಿಕೊಳ್ಳುವುದಾಗಿ ಅಣ್ಣನ ಕೈಲಿ ಹೇಳಿ ಕಳಿಸಿದ್ದೂ ಆಯಿತು. ಹಾಗೆ ಓದುವವರು ಸುತ್ತ ನಾಲ್ಕು ಊರಲ್ಲಿ ಬೇರೆ ಯಾರೂ ಇಲ್ಲ.

ಈ ಬೆಳಗಿನ ಕೊನೆಯ ಮನೆ ಅದೇ. ಪೂರ್ವ ಕೆಂಪಾಗುತ್ತಿದೆ. ಬರ್ನಡೀನ್ ಅಣ್ಣನ ಹಿತ್ತಿಲ ಗೇಟು ತೆರೆದು ಗಾಜಿನ ಮೇಲಿನ ಮಂಜನ್ನು ಉಗುರಿನಿಂದ ಕೆರೆಯುತ್ತಾರೆ. ಕಿಟಕಿಯ ಪರದೆ ಒಂದಿಷ್ಟು ಸರಿಯುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಕಿ ಮೂವತ್ತೊಂದು ಸಾವಿರ ದಾಟಿದೆ. ಅಂದರೆ ಓಲ್ಗಾಗೆ ಇನ್ನೊಂದು ಪ್ರಮಾಣಪತ್ರ. ಬರ್ನಡೀನರ ತುಟಿ ಬಿಗಿಯುತ್ತದೆ. ಬೇರೆ ಮನೆಗಳಲ್ಲಿ ಒಮ್ಮೆ ಓದುವವರು ಇಲ್ಲಿ ಎರಡು ಸಲ ಓದುತ್ತಾರೆ.

"ಆ ಮರಗಳನ್ನ ಯಾರಾದ್ರೂ ಕಡಿದ್ರೆ ನಾನೂ ನಾಲ್ಕು ಹಲಗೆ ಹಾಕಿಸ್ಬೇಕು," ಎಂದು ಪುಸ್ತಕ ಮುಚ್ಚುತ್ತಾರೆ. "ಆಗದಿದ್ರೆ ಬೇಡ. ಹನ್ನೊಂದು ವರ್ಷದಲ್ಲಿ ಯಾರ ಮನೆದೂ ಒಂದು ಅಂಕಿ ತಪ್ಪು ಬರೆದಿಲ್ಲ ನಾನು. ಅವಳ ಮನೆದೂ."