ನಿನ್ನೆಯ ಭರತಕ್ಕೆ ಬಿಟ್ಟ ದೋಣಿ

ತಡೀರಿ, ಪುಟ ತಿರುಗಿಸಬೇಡಿ. ನಮ್ಮ ಅಜ್ಜನ ದೋಣಿ ಕೆಸರಿನಲ್ಲಿ ಕೂತ ಕಥೆ ಕೇಳಿಯೇ ಮುಂದೆ ಹೋಗಿ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಹದಿನೇಳು. ತದಡಿಯಲ್ಲಿ ಅಜ್ಜ ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುತ್ತಿದ್ದ. ಸಮುದ್ರದ ನೀರು ಹೊಳೆಗೆ ಏರುವ ಭರತ ದಿನಕ್ಕೆ ಎರಡು ಘಳಿಗೆಯಷ್ಟು ತಡವಾಗುತ್ತದೆ. ತಿಥಿ ಗೊತ್ತಾದರೆ ಸಾಕು, ಅಜ್ಜ ನೀರಿನ ಹೊತ್ತು ಹೇಳುತ್ತಿದ್ದ.

ಅವತ್ತು ಮಾತ್ರ ನಿನ್ನೆಯ ಹೊತ್ತಿಗೇ ದೋಣಿ ಬಿಟ್ಟ. ನೀರು ಏರಿರಲಿಲ್ಲ. ನಡುಹೊಳೆಯಲ್ಲಿ ದೋಣಿ ಕೆಸರಿಗೆ ಕೂತಿತು.

"ಅಜ್ಜಾ, ನಿನ್ನೆ ನೀರು ಇವತ್ತಿಗೆ ಉಳಿಸಿಟ್ಟಿದ್ಯಾ ಎಂತ?" ಮೀನುಬುಟ್ಟಿ ಹೊತ್ತ ಹೆಂಗಸೊಬ್ಬಳು ಕೆಣಕಿದಳು.

"ಸುಮ್ನೆ ಕೂತ್ಕ. ನೀರೇ ಸೋಮಾರಿ ಆತು," ಅಂದ ಅಜ್ಜ.

ದೋಣಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಅಜ್ಜ ನನ್ನ ಹತ್ತಿರ ಮೂರು ಸಲ ತಿಥಿ ಕೇಳಿದ್ದ. ಇಂಥದ್ದೇ ಮಳೆಗಾಲದ ಸೆಳವಿನಲ್ಲಿ ಆದರೆ?

"ವಯಸ್ಸಾತು ಮಗಳೇ, ಮರೀತದೆ," ಮನೆಯಲ್ಲಿ ಹೇಳಿದ್ದಕ್ಕೆ ಅಂದಳು ಅಮ್ಮ.

"ತಿಥಿ ಮರೆತದ್ದಲ್ಲ ಅಮ್ಮಾ. ಕೇಳಿದ್ದೇ ನೆನಪಿಲ್ಲ ಅವಂಗೆ."

ಸಾಮಾನು ಕಟ್ಟಿ ಬರುತ್ತಿದ್ದ ಹಳೆ ಪೇಪರಿನಲ್ಲಿ ಆರೋಗ್ಯದ ಬರಹ ಹುಡುಕಿ ಓದುವುದು ನನ್ನ ಹುಚ್ಚು. ಕಾಯಿಲೆಯನ್ನು ಬರೆದಿಡಬೇಕು ಎಂದು ಅಲ್ಲೇ ಓದಿದ್ದೆ. ಒಂದು ತಿಂಗಳು ಅಜ್ಜನ ತಪ್ಪುಗಳನ್ನೆಲ್ಲ ಪಟ್ಟಿಯಲ್ಲಿ ಬರೆದೆ. ಆಮೇಲೆ ಅಮ್ಮ, ನಾನು ಅವನನ್ನು ಕುಮಟೆಯ ಡಾಕ್ಟರ ಹತ್ತಿರ ಕರೆದೊಯ್ದೆವು.

ಡಾಕ್ಟರು ಕಣ್ಣು, ಕಿವಿ, ರಕ್ತ ಎಲ್ಲ ನೋಡಿದರು. ಪಟ್ಟಿಯನ್ನು ಎರಡು ಸಲ ಓದಿದರು.

"ಇದು ಬರೆದದ್ದು ಯಾರು?"

"ನಾನು."

"ಇಷ್ಟು ಬೇಗ ಯಾರೂ ಕರ್ಕೊಂಡು ಬರೋದಿಲ್ಲ, ತಂಗಿ. ಇದು ಮರೆವಿನ ಕಾಯಿಲೆ, ಮದ್ದಿಲ್ಲ. ಬೈಬೇಡಿ, ಒಬ್ಬನ್ನೇ ಬಿಡಬೇಡಿ, ಗೊತ್ತಿದ್ದ ಕೆಲಸ ಕಸಿಬೇಡಿ."

ಬಸ್ಸಿನಲ್ಲಿ ಅಜ್ಜ ಕಿಟಕಿ ಕಡೆ ಮುಖ ಮಾಡಿ, "ದೋಣಿ ಕೆಲಸ ಬಿಡು ಅಂತೀರಾ?" ಎಂದು ಕೇಳಿದ.

"ಇಲ್ಲ ಅಜ್ಜಾ."

ಮರುದಿನ ದಂಡೆಯ ಕೆಸರಿನಲ್ಲಿ ಒಂದು ಗೂಟ ನೆಟ್ಟೆ. ಎಷ್ಟು ನೀರು ಬಂದರೆ ದೋಣಿ ತೇಲುತ್ತದೋ ಅಷ್ಟೆತ್ತರಕ್ಕೆ ಗೂಟದ ಮೇಲೆ ಅಜ್ಜನ ಕೈಯಿಂದಲೇ ಕತ್ತಿಯಲ್ಲಿ ಕಚ್ಚು ಹಾಕಿಸಿದೆ. ಕಚ್ಚು ಮುಳುಗಿದರೆ ದೋಣಿ, ಇಲ್ಲದಿದ್ದರೆ ದಂಡೆಯಲ್ಲಿ ಕೂತು ಎಲೆಯಡಿಕೆಯ ಕವಳ. ತಿಥಿಯ ಗೊಡವೆಯೇ ಬೇಡ. ಜೊತೆಗೆ ಅಮ್ಮ ದಿನಾ ದೋಣಿಯಲ್ಲಿ ಕೂತಳು, ಹುಟ್ಟು ಹಾಕುವುದನ್ನೂ ಕಲಿತಳು.

ಎರಡು ವರ್ಷ ಅಜ್ಜ ಹಾಗೆ ದೋಣಿ ನಡೆಸಿದ, ಅದು ಒಂದು ದಿನವೂ ಕೆಸರಿಗೆ ಕೂರಲಿಲ್ಲ. ಆಮೇಲೊಂದು ಬೆಳಿಗ್ಗೆ ಗೂಟ ನೋಡಿ, "ಇದು ಯಾರು ನೆಟ್ಟದ್ದು?" ಅಂದ. ನಾನು ಉತ್ತರ ಕೊಡುವ ಮೊದಲೇ ತಾನು ಮರೆತದ್ದು ಅವನಿಗೇ ತಿಳಿಯಿತು. ಹುಟ್ಟನ್ನು ಅಮ್ಮನ ಕೈಗಿತ್ತು ತಾನು ಮುಂದೆ ಹೋಗಿ ಕೂತ.

"ನೀರು ನೋಡ್ಕಂಡೇ ದೋಣಿ ಬಿಡೇ."

ಹುಟ್ಟನ್ನು ಯಾರೂ ಅವನಿಂದ ಕಿತ್ತುಕೊಳ್ಳಲಿಲ್ಲ. ಈಗ ಅಲ್ಝೈಮರ್ ಎನ್ನುತ್ತಾರಲ್ಲ, ಅದೇ ಇತ್ತೋ ಏನೋ, ಆ ಹೆಸರು ನಮಗೆ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಮರೆವು ಬಂದಿದ್ದರೆ, ಮೊದಲು ತಪ್ಪಿದ ಕೆಲಸ ಯಾವುದು? ನೀವು ಯಾವ ಗೂಟ ನೆಟ್ಟಿರಿ? ನನಗೆ ಬರೆದು ಹೇಳಿ.