ಮೋನಮ್ಮನ ಕೈ ದಾಟದೆ ಚೇಂಬರ್ ಮುಚ್ಚುವುದಿಲ್ಲ

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಗ್ಯಾರೇಜಿನ ಮುಂದೆ ಆಗಲೇ ನಾಲ್ಕು ವ್ಯಾನುಗಳು ಸಾಲುಗಟ್ಟಿವೆ. ಬೆಳಗಿನ ಆರು ಗಂಟೆ. ಮೊದಲ ವ್ಯಾನಿನ ಕೆಳಗಿಂದ ಎರಡು ಪಾದಗಳು ಮಾತ್ರ ಕಾಣುತ್ತಿವೆ, ಹಿಮ್ಮಡಿ ಒಡೆದ, ಕಾಲುಂಗುರ ತೊಟ್ಟ ಪಾದಗಳು. ಗೋಣಿತಟ್ಟಿನ ಮೇಲೆ ಅಂಗಾತ ಮಲಗಿದ ಮೋನಮ್ಮ ಬ್ಯಾಟರಿ ಬೆಳಕಿನಲ್ಲಿ ಎಂಜಿನ್ನಿನ ತಳವನ್ನು ಬೆರಳಿನಿಂದ ಸವರುತ್ತಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ.

"ಬಾಲಪ್ಪಾ, ನಿನ್ನೆ ಎಲ್ಲಿ ಬಡಿಸಿಕೊಂಡು ಬಂದಿ?" ಕೆಳಗಿಂದ ದನಿ ಬರುತ್ತದೆ.

ಸ್ಟೇರಿಂಗಿನ ಮುಂದೆ ಕುಳಿತ ದೇವಾಪುರದ ಬಾಲಪ್ಪ ತಲೆ ಕೆರೆದುಕೊಳ್ಳುತ್ತಾರೆ. "ಕಾಲುವಿ ದಂಡ್ಯಾಗ ಒಂದು ಕಲ್ಲು ತಾಕಿತ್ತು ಅಕ್ಕಾ. ಜೋರಿಲ್ಲ."

"ಜೋರಿಲ್ಲ ಅಂತ ನೀ ಅಂತಿ. ಚೇಂಬರ್ ಏನ್ ಅಂತದ ನೋಡೋಣ ತಡಿ."

ಎಂಜಿನ್ನಿನ ತಳಕ್ಕೆ ಕೂರಿಸಿದ, ಆಯಿಲ್ ತುಂಬಿರುವ ತಗಡಿನ ಪಾತ್ರೆಗೆ ಗ್ಯಾರೇಜಿನವರು ಚೇಂಬರ್ ಎನ್ನುತ್ತಾರೆ. ಅದರೊಳಗೆ, ಎಂಜಿನ್ನಿಗೆ ಆಯಿಲ್ ಏರಿಸುವ ಪಂಪಿನ ಹೀರುವ ಬಾಯಿಗೆ ಒಂದು ತಂತಿಯ ಜಾಳಿ ಇರುತ್ತದೆ. ಕಲ್ಲು ತಾಗಿ ಚೇಂಬರ್ ಒಳಕ್ಕೆ ನೆಗ್ಗಿದರೆ ಜಾಳಿಯ ಬಾಯಿ ಮುಚ್ಚಿಕೊಳ್ಳುತ್ತದೆ. ಆಯಿಲ್ ಇದ್ದೂ ಎಂಜಿನ್ ಒಣಗುತ್ತದೆ.

ಈ ಸಲ ನೆಗ್ಗಿಲ್ಲ. ಮೋನಮ್ಮ ಹೊರಗೆ ಬಂದು ಆಯಿಲಿನ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ಮಟ್ಟ ನೋಡುತ್ತಾರೆ. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕುತ್ತಾರೆ. "ಈಗ ಚಾಲೂ ಮಾಡು." ಸ್ಟೇರಿಂಗಿನ ಹಿಂದೆ, ಆಯಿಲ್ ಏರುವವರೆಗೆ ಉರಿಯುವ ಕೆಂಪು ದೀಪದ ಮೇಲೆಯೇ ಅವರ ಕಣ್ಣು. ಒಂದು, ಎರಡು. ಮೂರು ಎನ್ನುವುದರೊಳಗೆ ದೀಪ ಆರುತ್ತದೆ. "ಹೋಗು ಇನ್ನ. ಹೆಣ್ಮಕ್ಕಳು ಕಾಯಾಕತ್ತಾರ."

ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿ ದಿನ ಹೀಗೆಯೇ ಶುರುವಾಗುತ್ತದೆ. ಭತ್ತದ ನಾಟಿಗೆ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನುಗಳು ಏಳರೊಳಗೆ ಊರು ಬಿಡಬೇಕು. ಅದಕ್ಕೂ ಮುಂಚೆ ಮೋನಮ್ಮ ಎಂಟು ಹತ್ತು ವ್ಯಾನು ನೋಡಿ ಮುಗಿಸುತ್ತಾರೆ. ಸ್ವತಃ ಅವರು ತಮ್ಮೂರು ಗೋಗಿಯಿಂದ ಮೊದಲ ಆಟೊ ಹಿಡಿದು ಬರುತ್ತಾರೆ. ಆಟೊದಲ್ಲಿ ಕೂತರೆ ಅದರ ಎಂಜಿನ್ನಿನ ಸದ್ದಿನ ಮೇಲೆಯೇ ಕಿವಿ ಇರುತ್ತದಂತೆ. "ಡ್ರೈವರಗ ಹೇಳಿ ಹೇಳಿ ಬೈಸಿಕೊಂಡೀನ್ರಿ," ಎಂದು ನಗುತ್ತಾರೆ.

ಐವತ್ತು ದಾಟಿದ ಮೋನಮ್ಮ ಗ್ಯಾರೇಜಿಗೆ ಬರುವ ಮುಂಚೆ ಹದಿನಾಲ್ಕು ವರ್ಷ ಇದೇ ಕಾಲುವೆ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚಿದವರು. ಅವರದು ಹನ್ನೆರಡು ಹೆಂಗಸರ ಗುಂಪು. ಒಂದು ವರ್ಷ ಸೊಂಟ ಹಿಡಿದುಕೊಂಡಿತು. ಇನ್ನು ಬಗ್ಗಿ ಕೆಲಸ ಮಾಡಬೇಡ ಎಂದರು ಡಾಕ್ಟರು. "ಬಗ್ಗದಂಗ ಯಾವ ಕೆಲಸ ಅದ ಹೇಳ್ರಿ ನಮಗ?" ಹತ್ತಿ ಮಂಡಿಯಲ್ಲಿ ಹಮಾಲಿ ಮಾಡುವ ಗಂಡ ತಾಯಪ್ಪ ಅಲ್ಲಿ ಇಲ್ಲಿ ಕೇಳಿದಾಗ ಗೊತ್ತಾಗಿದ್ದು, ಅಮೋಘಸಿದ್ದ ಮಿಸ್ತ್ರಿಯ ಗ್ಯಾರೇಜಿನಲ್ಲಿ ಸಾಮಾನು ತೊಳೆಯಲು ಆಳು ಬೇಕಾಗಿದೆ ಎಂದು. ಗಿಡ್ಡ ಮಣೆಯ ಮೇಲೆ ಕುಳಿತು, ಮುಂದೆ ಡೀಸೆಲ್ ತುಂಬಿದ ತಟ್ಟೆ ಇಟ್ಟುಕೊಂಡು, ಬಿಚ್ಚಿದ ಎಂಜಿನ್ನಿನ ಒಂದೊಂದೇ ಭಾಗವನ್ನು ಕುಂಚದಿಂದ ತಿಕ್ಕುವ ಕೆಲಸ.

ಡೀಸೆಲ್ಲಿಗೆ ಕೈ ಸೀಳಿದವು. ಈಗಲೂ ಸೀಳುತ್ತವೆ, ರಾತ್ರಿ ಕುಸುಬಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ವಾಸನೆ ಮಾತ್ರ ಯಾವ ಸಾಬೂನಿಗೂ ಹೋಗಲಿಲ್ಲ. ಮೋನಮ್ಮ ಬಡಿದ ರೊಟ್ಟಿಯಲ್ಲಿ ಡೀಸೆಲ್ ನಾರುತ್ತದೆಂದು ಮೊದಮೊದಲು ತಾಯಪ್ಪನ ತಕರಾರು. "ಆಮ್ಯಾಲ ಅವರೇ ಹಿಟ್ಟು ನಾದಾಕ ಕುಂತ್ರು. ಈಗ ನಮ್ಮ ಮನಿಯವ್ರು ಬಡದಂಥ ರೊಟ್ಟಿ ಗೋಗಿಯೊಳಗ ಯಾರೂ ಬಡಿಯಂಗಿಲ್ಲ."

ತೊಳೆಯುವವರು ನೋಡುವಷ್ಟು ಸಾಮಾನನ್ನು ಬಿಚ್ಚುವವರು ನೋಡುವುದಿಲ್ಲ. ಮಿಸ್ತ್ರಿ ಬಿಚ್ಚಿ ಎಸೆದದ್ದನ್ನು ಮೋನಮ್ಮ ಕೈಯಲ್ಲಿ ಹಿಡಿದು ಹೊರಳಿಸಿ ನೋಡುತ್ತಿದ್ದರು. ಪಂಪಿನ ಹಲ್ಲುಗಳ ಮೇಲೆ ಗೀರು ಬಿದ್ದಿದ್ದರೆ ಬೆರಳಿಗೆ ಸಿಗುತ್ತಿತ್ತು. ಹಾಗೆ ನೋಡುತ್ತ ನೋಡುತ್ತ ಅವರ ಕಣ್ಣಿಗೆ ಇನ್ನೊಂದು ಬಿತ್ತು. ಚೇಂಬರ್ ಸೋರಬಾರದೆಂದು ಅಂಚಿಗೆ ಹಚ್ಚುವ ಅಂಟು, ಬೋಲ್ಟು ಬಿಗಿದಾಗ, ಕಡುಬಿನ ಅಂಚಿನಿಂದ ಹೂರಣ ಹೊರಬಂದ ಹಾಗೆ ಒಳಕ್ಕೂ ಹಿಂಡಿಕೊಳ್ಳುತ್ತದೆ. ಅದು ಒಣಗಿ, ತುಣುಕು ತುಣುಕಾಗಿ ಉದುರಿ, ಹೋಗಿ ಜಾಳಿಗೆ ಮೆತ್ತಿಕೊಳ್ಳುತ್ತದೆ. ತೊಳೆಯುವಾಗ ಆ ತುಣುಕುಗಳನ್ನು ಉಗುರಿನಿಂದ ಕಿತ್ತವರು ಅವರೇ.

ಒಂಬತ್ತು ವರ್ಷದ ಹಿಂದೆ ಬಾಲಪ್ಪನ ವ್ಯಾನಿನ ಎಂಜಿನ್ ಪೂರಾ ಬಿಚ್ಚಿ ಕಟ್ಟಿದ್ದರು. ಕಟ್ಟಿದವರು ಅಮೋಘಸಿದ್ದ ಮಿಸ್ತ್ರಿ. ಒಂದೂವರೆ ತಿಂಗಳಿಗೆ ಆಯಿಲಿನ ಕೆಂಪು ದೀಪ ಮಿಣುಕತೊಡಗಿತು. ಮಿಸ್ತ್ರಿ ದೀಪದ ಸ್ವಿಚ್ ಬದಲಿಸಿದರು. ಮತ್ತೆ ಮಿಣುಕಿತು. ಈಗಿನ ಸ್ವಿಚ್ಚುಗಳೇ ಕಳಪೆ ಬರುತ್ತಿವೆ ಎಂದು ದೀಪದ ವೈರ್ ಕಿತ್ತು ಬಿಟ್ಟರು.

ಮಣೆಯ ಮೇಲಿಂದ ಮೋನಮ್ಮ ಬಾಯಿ ಬಿಟ್ಟರು. "ಮಿಸ್ತ್ರಿ, ಒಮ್ಮಿ ಚೇಂಬರ್ ಇಳಿಸಿ ಜಾಳಿ ನೋಡ್ರಿ."

ಗ್ಯಾರೇಜಿನಲ್ಲಿ ಐದಾರು ಜನ ಇದ್ದರು. ಮಿಸ್ತ್ರಿ ತಿರುಗಿಯೂ ನೋಡದೆ, "ನೀ ತೊಳಿಯೂದು ತೊಳಿ" ಎಂದರು.

ನಾಲ್ಕನೇ ದಿನ ದೇವಾಪುರದ ಹತ್ತಿರ, ಕಾಲುವೆ ದಂಡೆಯ ಏರಿನಲ್ಲಿ, ಒಳಗೆ ಹದಿನಾಲ್ಕು ಹೆಂಗಸರಿರುವಾಗ ಎಂಜಿನ್ ಹಿಡಿದು ನಿಂತಿತು. ವ್ಯಾನು ಒಂದು ಮಾರು ಹಿಂದಕ್ಕೆ ಜಾರಿತು. ಬಾಲಪ್ಪ ಬ್ರೇಕು ಒತ್ತಿ ಹಿಡಿದರು. ಎಡಕ್ಕೆ ತುಂಬಿದ ಕಾಲುವೆ. ಹೆಂಗಸರು ಒಬ್ಬೊಬ್ಬರಾಗಿ ಹಿಂದಿನ ಬಾಗಿಲಿನಿಂದ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಯಾರಿಗೂ ಏನೂ ಆಗಲಿಲ್ಲ. ಆ ಹದಿನಾಲ್ಕರಲ್ಲಿ ಎಂಟು ಜನ ಮೋನಮ್ಮನ ಹಳೆಯ ನಾಟಿ ಗುಂಪಿನವರು.

"ಅವತ್ತು ಸಂಜಿಗಿ ನಮ್ಮ ಗುಂಪಿನ ಚಂದಮ್ಮ ಮನಿಗಿ ಬಂದು ಹೇಳಿದ್ಳು. ಅಕ್ಕಾ, ನೀರು ಇಷ್ಟ ದೂರ ಇತ್ತು ಅಂತ ಕೈ ಮಾಡಿ ತೋರ್ಸಿದ್ಳು," ಎನ್ನುವ ಮೋನಮ್ಮ ತಮ್ಮ ಕೈಯನ್ನೂ ಅಷ್ಟೇ ಅಗಲಿಸಿ ತೋರಿಸುತ್ತಾರೆ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ ವ್ಯಾನನ್ನು ಮಿಸ್ತ್ರಿ ಮರುದಿನ ಬಿಚ್ಚಿದರು. ಬೇರಿಂಗುಗಳು ಸುಟ್ಟಿದ್ದವು. "ಆಯಿಲ್ ನೋಡದಂಗ ಓಡಿಸಿದಿ," ಎಂದರು ಬಾಲಪ್ಪನಿಗೆ. ತಪ್ಪು ನನ್ನದೇ, ವ್ಯಾನು ಮಾರಿಬಿಡುತ್ತೇನೆ, ಇನ್ನು ಹೆಣ್ಣುಮಕ್ಕಳನ್ನು ಕೂರಿಸಿಕೊಳ್ಳುವ ಧೈರ್ಯ ನನಗಿಲ್ಲ ಎಂದು ಬಾಲಪ್ಪ ಕಣ್ಣೊರೆಸಿಕೊಂಡರು.

ಆ ಹೊತ್ತಿಗೆ ಜಾಳಿ ಮೋನಮ್ಮನ ಡೀಸೆಲ್ ತಟ್ಟೆಯಲ್ಲಿತ್ತು. ಅರ್ಧಕ್ಕಿಂತ ಹೆಚ್ಚು ಅಂಟಿನಿಂದ ಮುಚ್ಚಿಹೋಗಿತ್ತು. ಕುಂಚದಿಂದ ನಾಲ್ಕು ಸಲ ತಿಕ್ಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೋನಮ್ಮ ತಿಕ್ಕಲಿಲ್ಲ. ಎದ್ದು ಹೋಗಿ ಜಾಳಿಯನ್ನು ಮಿಸ್ತ್ರಿಯ ಮುಂದೆ ಇಟ್ಟರು. "ಇದು ಬಾಲಪ್ಪನ ತಪ್ಪಲ್ರಿ ಮಿಸ್ತ್ರಿ. ಇದು ನಾವು ಹಚ್ಚಿದ ಅಂಟು."

"ನಾವು ಅಂದ್ಳು ನೋಡ್ರಿ," ಎಂದು ಈ ಕತೆಯ ನಡುವೆ ಬಾಯಿ ಹಾಕುತ್ತಾರೆ ಅಮೋಘಸಿದ್ದ ಮಿಸ್ತ್ರಿ. ಅರವತ್ತು ಸಮೀಪಿಸಿದ ಆಸಾಮಿ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿದೆ. "ಅಂಟು ಹಚ್ಚಿದಾವ ನಾ. ಅಕಿ ನೀವು ಅನ್ಲಿಲ್ಲ, ನಾವು ಅಂದ್ಳು. ಆದ್ರೂ ನನಗ ಸಿಟ್ಟು ಬಂತು. ಮನಿಗಿ ಹೋಗು ಅಂದೆ. ಬರೀರಿ, ಇದನ್ನೂ ಬರೀರಿ."

ಮೋನಮ್ಮ ಮನೆಗೆ ಹೋದರು. ಎಂಟು ದಿನ. ಇಷ್ಟು ವರ್ಷದ ಕೆಲಸ ಒಂದು ಮಾತಿಗೆ ಹೋಯಿತಲ್ಲ ಎಂಬ ಸಂಕಟ ಒಂದು ಕಡೆ, ಹೇಳದೆ ಇದ್ದಿದ್ದರೆ ನಿದ್ದೆ ಬರುತ್ತಿರಲಿಲ್ಲ ಎಂಬುದು ಇನ್ನೊಂದು ಕಡೆ. ಅತ್ತ ಗ್ಯಾರೇಜಿನಲ್ಲಿ ಮಿಸ್ತ್ರಿಗೂ ಸಮಾಧಾನ ಇರಲಿಲ್ಲ. ಆ ವರ್ಷ ತಾವೇ ಕಟ್ಟಿದ್ದ ಇನ್ನೂ ನಾಲ್ಕು ವ್ಯಾನುಗಳನ್ನು ಕರೆಸಿ ಚೇಂಬರ್ ಇಳಿಸಿದರು. ಮೂರರ ಜಾಳಿಯಲ್ಲಿ ಅದೇ ಅಂಟು.

ಒಂಬತ್ತನೆಯ ದಿನ ಅವರ ಮೋಟಾರ್ ಸೈಕಲ್ ಗೋಗಿಯಲ್ಲಿ ಮೋನಮ್ಮನ ಕಟ್ಟೆಯ ಮುಂದೆ ನಿಂತಿತು. ತಾಯಪ್ಪ ನೀರು ಕೊಟ್ಟರು. ಮಿಸ್ತ್ರಿ ಕುಡಿದು, ಚೊಂಬು ಕೆಳಗಿಟ್ಟು, "ನೀ ಬರಬೇಕು ಮೋನಮ್ಮ" ಎಂದರು.

"ಬರ್ತೀನ್ರಿ. ಮೊದಲ ಬಾಲಪ್ಪಗ ನೀವ ಹೋಗಿ ಹೇಳ್ರಿ. ಅಂವ ತನ್ನ ತಪ್ಪು ಅಂದ್ಕೊಂಡು ಕುಂತಾನ."

ಮಿಸ್ತ್ರಿ ಅಲ್ಲಿಂದ ನೇರ ದೇವಾಪುರಕ್ಕೆ ಹೋದರು. ಬಾಲಪ್ಪನ ಮನೆಯವರ ಎದುರಿಗೇ ಹೇಳಿದರು. ಎಂಜಿನ್ನನ್ನು ತಾವೇ ಹೊಸದಾಗಿ ಕಟ್ಟಿಕೊಟ್ಟರು. ಈ ಸಲ ಪಂಪು ಕೂರಿಸಿದ್ದು, ಅಂಟು ಹಚ್ಚಿದ್ದು ಮೋನಮ್ಮ. ಆ ಎಂಜಿನ್ ಇವತ್ತಿಗೂ ಓಡುತ್ತಿದೆ.

ಅಂದಿನಿಂದ ಈ ಗ್ಯಾರೇಜಿನಲ್ಲಿ ಅವರ ಕೈ ದಾಟದೆ ಒಂದು ಚೇಂಬರೂ ಮುಚ್ಚಿಲ್ಲ. ವರ್ಷಕ್ಕೆ ಅರವತ್ತು ಎಪ್ಪತ್ತು ಪಂಪುಗಳು. ಪ್ರತಿ ಪಂಪನ್ನೂ ತೊಳೆದು, ಹಲ್ಲುಗಳ ನಡುವೆ ತೆಳು ತಗಡು ತೂರಿಸಿ ಸವೆತ ಅಳೆಯುತ್ತಾರೆ. ತಗಡು ಸಲೀಸಾಗಿ ಆಡಿದರೆ ಆ ಪಂಪು ಪಕ್ಕಕ್ಕೆ. ಕೂರಿಸುವ ಮುಂಚೆ ಅದರ ಬಾಯಿಗೆ ಆಯಿಲ್ ಹೊಯ್ದು ಬೆರಳಿನಿಂದ ತಿರುಗಿಸುತ್ತಾರೆ. ಇನ್ನೊಂದು ತೂತಿನಿಂದ ಆಯಿಲ್ ಉಕ್ಕಿ ಬರುವವರೆಗೆ ಬಿಡುವುದಿಲ್ಲ. "ಒಣಾ ಪಂಪ್ ಕೂರಿಸಿ ಚಾಲೂ ಮಾಡಿದ್ರ ಮೊದಲನೇ ನಿಮಿಷಕ್ಕ ಎಂಜಿನ್ ಬಾಯಿ ಒಣಗತದ್ರಿ. ಕೂಸಿಗಿ ಮೊದಲು ಹಾಲು, ಆಮ್ಯಾಲ ಆಟ." ಅಂಟಿನ ವಿಷಯಕ್ಕೆ ಬಂದರೆ ಅವರ ಮಾತು ಇನ್ನೂ ಚಿಕ್ಕದು: "ದಾರದಷ್ಟ ಹಚ್ಚಬೇಕು. ಹಗ್ಗದಷ್ಟಲ್ಲ."

ಹೆಂಗಸು ವ್ಯಾನಿನ ಕೆಳಗೆ ಮಲಗುವುದೇನು ಎಂದು ಮೂಗು ಮುರಿದ ಡ್ರೈವರುಗಳೂ ಇದ್ದರು. ಒಬ್ಬ ತನ್ನ ಗಾಡಿ ಮುಟ್ಟಬೇಡ ಎಂದಿದ್ದ. ಈಗ ಯಾದಗಿರಿ ಕಡೆಯವರು ಪಂಪನ್ನಷ್ಟೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಬರುತ್ತಾರೆ. ಮುಟ್ಟಬೇಡ ಎಂದವನೂ ಬರುತ್ತಾನೆಯೇ ಎಂದರೆ ಮೋನಮ್ಮ ಹೆಸರು ಹೇಳುವುದಿಲ್ಲ. "ಬರ್ತಾನ್ರಿ. ಚಾ ತರ್ತಾನ."

ಕಳೆದ ತಿಂಗಳು ಯಾದಗಿರಿಯ ಐಟಿಐ ಒಂದರ ಮೇಷ್ಟ್ರು ತಮ್ಮ ಗಾಡಿ ಕೆಟ್ಟು ಇಲ್ಲಿಗೆ ಬಂದವರು, ಇವರ ಕೆಲಸವನ್ನು ಒಂದು ತಾಸು ನಿಂತು ನೋಡಿದ್ದಾರೆ. ಮುಂದಿನ ಸೋಮವಾರ ಐಟಿಐಗೆ ಬಂದು ಹುಡುಗ ಹುಡುಗಿಯರ ಎದುರು ಒಂದು ಪಂಪು ಬಿಚ್ಚಿ ಕೂರಿಸಿ ತೋರಿಸಬೇಕೆಂದು ಕೇಳಿಕೊಂಡಿದ್ದಾರೆ. ಮೋನಮ್ಮ ಒಪ್ಪಿದ್ದಾರೆ. ಯಾವ ಸೀರೆ ಉಡುವುದೆಂದು ಮನೆಯಲ್ಲಿ ಎರಡು ದಿನದಿಂದ ಚರ್ಚೆ. ಅಂಗಿ ಮಾತ್ರ ಹಳೆಯದೇ ಇರಲಿ ಎಂದು ತಾಯಪ್ಪ ಹೇಳಿದ್ದಾರೆ.

ಹೆದರಿಕೆ ಇಲ್ಲವೇ ಎಂದೆ. ತಟ್ಟೆಯಲ್ಲಿದ್ದ ಪಂಪಿನ ಹಲ್ಲನ್ನು ಹೆಬ್ಬೆರಳಿನಿಂದ ಸವರಿದರು.

"ನಾ ಸಾಲಿ ಕಟ್ಟಿ ಹತ್ತಿದಾಕಿ ಅಲ್ರಿ. ಆದ್ರ ಅವರ ಪುಸ್ತಕದಾಗ ಪಂಪಿನ ಚಿತ್ರ ಅದಂತ, ಮೇಷ್ಟ್ರು ಹೇಳ್ಯಾರ. ಅದನ್ನ ನೋಡಬೇಕಂತ ಆಸೆ ಅದ. ನಾ ಇಷ್ಟು ವರ್ಷ ಕೈಲೆ ನೋಡಿದ್ದನ್ನ ಅವರು ಹಾಳ್ಯಾಗ ಹ್ಯಾಂಗ ತೆಗದಾರ, ನೋಡೂಣು." ಮತ್ತೆ ಕುಂಚ ಕೈಗೆತ್ತಿಕೊಂಡರು. "ತಪ್ಪು ತೆಗದಿದ್ರ ಅಲ್ಲೇ ಹೇಳಿ ಬರ್ತೀನಿ."