ಕೊಟ್ರಮ್ಮ ನಮ್ಮೂರ ಶಾಲೆಯನ್ನು ಪರೀಕ್ಷೆ ಮಾಡಿದ್ದು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮೂರ ಶಾಲೆಯನ್ನು ಪರೀಕ್ಷೆ ಮಾಡಿದವಳು ಕೊಟ್ರಮ್ಮ. ಅವಳಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ಊರು ಸೂಜಿಕಲ್ಲಹಟ್ಟಿ, ಧರ್ಮಪುರದಿಂದ ಮೂರು ಮೈಲಿ. ಎಪ್ಪತ್ತಮೂರನೇ ಇಸವಿ. ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು, ಅರವತ್ತೆರಡು ಮಕ್ಕಳು. ಮೇಷ್ಟ್ರು ಹನುಮಂತಯ್ಯನವರು ದಿನಾ ಧರ್ಮಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಒಳ್ಳೆಯವರು, ಹೊಡೆಯುತ್ತಿರಲಿಲ್ಲ. ಅವರು ಒಂದು ಸಾಲು ಹೇಳಿದರೆ ನಾವು ಅಷ್ಟೂ ಮಂದಿ ಕೂಗಿ ಹೇಳುತ್ತಿದ್ದೆವು. ನಮ್ಮ ಕೂಗು ಹೊಲದಲ್ಲಿ ಕಳೆ ತೆಗೆಯುವವರಿಗೂ ಕೇಳಿಸುತ್ತಿತ್ತು. ಇಷ್ಟು ಜೋರಾಗಿ ಕೂಗುವ ಶಾಲೆ ಸುತ್ತ ಎಲ್ಲೂ ಇಲ್ಲ ಎಂದು ಊರಿನವರಿಗೆ ಹೆಮ್ಮೆ.

ಎಲ್ಲರಿಗಿಂತ ಹೆಚ್ಚು ಹೆಮ್ಮೆ ಕೊಟ್ರಮ್ಮನಿಗೆ. ಅವಳ ಮಗಳು ಚಂದ್ರಿ ನನ್ನ ಪಕ್ಕದಲ್ಲೇ ಕೂರುವವಳು, ಕ್ಲಾಸಿಗೇ ಮೊದಲು. ಕೊಟ್ರಮ್ಮ ಶೇಂಗಾ ಕೀಳುವ ಹೆಂಗಸರ ಗುಂಪಿನ ಮುಂದಾಳು. ಎತ್ತರದ ಹೆಂಗಸು, ಮಾತು ಜೋರು, ನಡಿಗೆ ಅದಕ್ಕಿಂತ ಜೋರು. ಗಂಡ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುತ್ತಿದ್ದ. ಸಂಜೆ ಮಗಳು ಜಗಲಿಯ ಮೇಲೆ ಕೂತು ಪಾಠ ಒಪ್ಪಿಸುವಾಗ ಕೊಟ್ರಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು.

ದೀಪಾವಳಿ ಕಳೆದ ವಾರ ಅವಳಿಗೊಂದು ಕಾಗದ ಬಂತು. ಅವಳ ತಮ್ಮ ಚಿಕ್ಕತಿಮ್ಮಪ್ಪ ಸಿರಿಗೆರೆಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ. ಹಿಂದೆಲ್ಲ ಊರಿಗೆ ಬಂದವರ ಕೈಲಿ ಸುದ್ದಿ ಹೇಳಿ ಕಳಿಸುತ್ತಿದ್ದನೇ ಹೊರತು ಕಾಗದ ಬರೆದವನಲ್ಲ. ಇದು ಅವನ ಮೊದಲ ಕಾಗದ. ಟಪಾಲಿನವನು ಓದಿಕೊಡಲೇ ಎಂದು ಕೇಳಿದ. ಕೊಟ್ರಮ್ಮ ಬೇಡ ಎಂದಳು, ನನ್ನ ಮಗಳು ಓದುತ್ತಾಳೆ ಎಂದಳು. ಕೇಳಲಿ ಎಂದು ಅಕ್ಕಪಕ್ಕದ ನಾಲ್ಕು ಮನೆಯವರನ್ನೂ ಕರೆದಳು. ನಾನೂ ಅಲ್ಲಿದ್ದೆ.

ಚಂದ್ರಿ ಕಾಗದ ಬಿಡಿಸಿದಳು. ಅದರ ಮುಂಬದಿ ನೋಡಿದಳು, ತಿರುಗಿಸಿ ಹಿಂಬದಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅವ್ವಾ, ಇದು ನಮ್ಮ ಪುಸ್ತಕದಾಗಿಲ್ಲ."

ಯಾರೋ ನಕ್ಕರು. ಕೊಟ್ರಮ್ಮ ನಗಲಿಲ್ಲ. ಒಳಗೆ ಹೋಗಿ ಚಂದ್ರಿಯ ಪುಸ್ತಕ ತಂದು ಕೈಗೆ ಕೊಟ್ಟಳು. ಚಂದ್ರಿ ಗಳಗಳನೆ ಶುರು ಮಾಡಿದಳು. ನಡುವೆ ಕೊಟ್ರಮ್ಮ ಕೈ ಚಾಚಿ ಪುಸ್ತಕವನ್ನು ತಲೆಕೆಳಗು ಮಾಡಿ ಹಿಡಿದಳು. ಚಂದ್ರಿ ನಿಲ್ಲಿಸಲಿಲ್ಲ. ಪಾಠ ಮುಗಿಯುವವರೆಗೂ ಒಂದು ಅಕ್ಷರ ತಪ್ಪದೆ ಹೇಳಿದಳು.

ಕೊಟ್ರಮ್ಮ ಆ ಸಂಜೆಯೇ ನಾಲ್ಕನೇ ಕ್ಲಾಸಿನ ಉಳಿದವರನ್ನೂ ಜಗಲಿಗೆ ಕರೆಸಿದಳು. ಒಬ್ಬೊಬ್ಬರ ಕೈಗೂ ಕಾಗದ ಕೊಟ್ಟಳು. ನನ್ನ ಸರದಿ ಬಂದಾಗ ನನಗೆ ಒಂದು 'ಮ', ಎರಡು 'ರ' ಸಿಕ್ಕವು. ಅವನ್ನು ಬೆರಳಿಟ್ಟು ತೋರಿಸಿದೆ. ಅವಳು ನನ್ನ ತಲೆ ಸವರಿ ಕಳಿಸಿದಳು. ಯಾರನ್ನೂ ಬೈಯಲಿಲ್ಲ. ಕಾಗದವನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮೇಷ್ಟ್ರ ಹತ್ತಿರ ಕೊಟ್ಟಿದ್ದರೆ ಮಾರನೆಯ ದಿನವೇ ತಮ್ಮನ ಸುದ್ದಿ ತಿಳಿಯುತ್ತಿತ್ತು. ಅವಳು ಕೊಡಲಿಲ್ಲ. ತಪ್ಪು ಮಕ್ಕಳದೋ, ಶಾಲೆಯದೋ, ತಮ್ಮನ ಸೊಟ್ಟ ಅಕ್ಷರದ್ದೋ, ಅದು ಮೊದಲು ಗೊತ್ತಾಗಬೇಕಿತ್ತು. ಆಗ ತನಗೆ ಎರಡು ದಿನ ನಿದ್ದೆಯೇ ಬರಲಿಲ್ಲ ಎಂದು ಅವಳೇ ಆಮೇಲೆ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಶೇಂಗಾ ಕೀಳುವ ಕಾಲ. ಅವಳ ಗುಂಪು ದಿನಕ್ಕೊಂದು ಊರಿಗೆ ಹೋಗುತ್ತಿತ್ತು. ಹೋದ ಕಡೆಯೆಲ್ಲ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಕೊಟ್ರಮ್ಮ ಆ ಊರಿನ ಶಾಲೆಯ ಮುಂದೆ ಹಾಜರು. ಊಟಕ್ಕೆ ಬಿಟ್ಟ ಮಕ್ಕಳಲ್ಲಿ ಮೂರು ನಾಲ್ಕನೇ ಕ್ಲಾಸಿನವರನ್ನು ಹುಡುಕಿ ಕಾಗದ ಕೊಟ್ಟು, "ಇದರಾಗೆ ಏನೈತೆ ಹೇಳ್ರಪ್ಪ" ಎನ್ನುತ್ತಿದ್ದಳು. ಕರೇಗುಂಡ್ಲಹಳ್ಳಿಯಲ್ಲಿ ಮೂವರು ಸೋತು ನಾಲ್ಕನೆಯವನು ಎರಡು ಸಾಲು ದಾಟಿದ. ಇನ್ನೊಂದು ಊರಿನಲ್ಲಿ ಮಕ್ಕಳು ಕಾಗದ ಕಂಡು ಓಡಿಯೇ ಹೋದರು. ಗುಂಪಿನ ಹೆಂಗಸರಿಗೆ ಇದೊಂದು ಆಟವಾಯಿತು. ಸಾಲು ಹಿಡಿದು ಗಿಡ ಕೀಳುತ್ತಾ, ಇವತ್ತಿನ ಊರಿನ ಮಕ್ಕಳು ಎಷ್ಟು ಸಾಲು ಓದುತ್ತಾರೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಆರನೆಯ ದಿನ ಮೂಡಲಪಾಳ್ಯ. ಅಲ್ಲಿ ಮೂರನೇ ಕ್ಲಾಸಿನ ಒಂದು ಹುಡುಗಿ, ಬೋರಕ್ಕ ಅಂತ, ಕಾಗದ ಇಸಿದುಕೊಂಡಳು. ನಿಂತಲ್ಲೇ ಓದಲು ಶುರು ಮಾಡಿದಳು. ಒಂದೆರಡು ಕಡೆ ತಡವರಿಸಿದಳು, ಹಿಂದಕ್ಕೆ ಹೋಗಿ ಮತ್ತೆ ಓದಿದಳು. ತಮ್ಮನ ಮಾತು ಆ ಗುರುತಿಲ್ಲದ ಹುಡುಗಿಯ ಬಾಯಲ್ಲಿ ಕೇಳಿ ಕೊಟ್ರಮ್ಮ ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟಳು. ಚಿಕ್ಕತಿಮ್ಮಪ್ಪ ಬರೆದಿದ್ದ: ಇಲ್ಲಿಯ ಹುಡುಗರ ಹತ್ತಿರ ಕೂತು ನಾನೂ ಅಕ್ಷರ ಕಲಿತೆ, ಇದು ನನ್ನ ಕೈಬರಹ, ಚಂದ್ರಿ ಕ್ಲಾಸಿಗೇ ಮೊದಲು ಎಂದು ಹೇಳಿ ಕಳಿಸಿದ್ದೆಯಲ್ಲ, ಉತ್ತರವನ್ನು ಅವಳ ಕೈಲೇ ಬರೆಸಿ ಕಳಿಸು.

ಓದಿ ಮುಗಿಸಿದ ಬೋರಕ್ಕ ತಲೆಯೆತ್ತಿ ಕೇಳಿದಳು, "ಚಂದ್ರಿ ಅಂದ್ರೆ ಯಾರು?"

ಆ ಪ್ರಶ್ನೆಯೇ ತನಗೆ ಎಲ್ಲಕ್ಕಿಂತ ಹಿಡಿಸಿತು ಎಂದು ಕೊಟ್ರಮ್ಮ ಆಮೇಲೆ ಹೇಳುತ್ತಿದ್ದಳು. ಮಗು ಓದಿದ್ದು ಮಾತ್ರವಲ್ಲ, ಓದಿದ್ದು ಅದರ ತಲೆಗೂ ಹೋಗಿತ್ತು.

ಅವತ್ತು ಅವಳು ಹೊಲಕ್ಕೆ ವಾಪಸಾಗಲಿಲ್ಲ. ಮಧ್ಯಾಹ್ನವೆಲ್ಲ ಶಾಲೆಯ ಕಿಟಕಿಯ ಹೊರಗೆ ಬೇವಿನ ಮರದ ಕೆಳಗೆ ಕೂತು ನೋಡಿದಳು. ಅಲ್ಲೂ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ಹೆಂಚುಗಳು ನಮ್ಮ ಶಾಲೆಗಿಂತ ಹೆಚ್ಚೇ ಒಡೆದಿದ್ದವು. ಆದರೆ ಕೂಗು ಇರಲಿಲ್ಲ. ಅಂಗಡಿಯಲ್ಲಿ ಬೆಲ್ಲ, ಮೆಣಸಿನಕಾಯಿ ಕಟ್ಟಿಕೊಟ್ಟ ಹಳೆಯ ಪೇಪರಿನ ತುಂಡುಗಳನ್ನು ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ಹಂಚಿದ್ದರು. ದೊಡ್ಡ ಮಕ್ಕಳು ಚಿಕ್ಕವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆರಳಿಟ್ಟು ಓದುತ್ತಿದ್ದರು. ಒಬ್ಬನ ಕಾಗದ ಇನ್ನೊಬ್ಬನ ಹತ್ತಿರ ಇರಲಿಲ್ಲ, ಆದ್ದರಿಂದ ಯಾರೂ ಯಾರ ಬಾಯಿ ನೋಡಿಯೂ ಹೇಳುವಂತಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹನುಮಂತಯ್ಯ ಮೇಷ್ಟ್ರು ಸೈಕಲ್ ನಿಲ್ಲಿಸುವುದಕ್ಕೂ ಬಿಡದೆ ಕೊಟ್ರಮ್ಮ ಎಲ್ಲವನ್ನೂ ಹೇಳಿದಳು. ನಾವು ಬಾಗಿಲಲ್ಲಿ ಗುಂಪುಗೂಡಿ ಕೇಳುತ್ತಿದ್ದೆವು. ಮೇಷ್ಟ್ರ ಮುಖ ಕೆಂಪಾಯಿತು. ಅರವತ್ತೆರಡು ಮಕ್ಕಳನ್ನು ಒಬ್ಬನೇ ಹೇಗೆ ನೋಡಿಕೊಳ್ಳಲಿ ಎಂದರು. ಅಡುಗೆಯವನ ಕೈಬರಹ ತಾವೇ ಓದಲಾರದೆ ಹೋಗಬಹುದು ಎಂದರು. ಕಡೆಗೆ, "ನಿನಗೆ ಓದೋಕೇ ಬರಲ್ಲ. ಶಾಲೆ ಹೆಂಗೈತೆ ಅಂತ ನಿನಗೇನು ಗೊತ್ತಾಗುತ್ತೆ ಕೊಟ್ರಮ್ಮ?" ಎಂದರು.

"ನನಗೆ ಬರಲ್ಲ ಅಂತಲೇ ಮಗಳನ್ನ ಕಳಿಸಿದ್ದು ಮೇಷ್ಟ್ರೆ," ಎಂದಳು ಅವಳು. "ಪುಸ್ತಕ ತಲೆಕೆಳಗೆ ಹಿಡಿದೆ. ಆದ್ರೂ ಅವಳು ಓದ್ತಾನೇ ಇದ್ಲು. ಅದನ್ನ ತಿಳ್ಕಳಕ್ಕೆ ನನಗೆ ಅಕ್ಷರ ಬೇಕೇನ್ರಿ?"

ಮೇಷ್ಟ್ರು ಒಳಗೆ ಬಂದರು. ಹಾಜರಿ ಕೂಡ ಕರೆಯಲಿಲ್ಲ. ನಾಲ್ಕನೇ ಕ್ಲಾಸಿನ ಪುಸ್ತಕದ ಕೊನೆಯಲ್ಲಿದ್ದ, ಇನ್ನೂ ಹೇಳಿಕೊಡದ ಪಾಠ ತೆರೆದು ನಮ್ಮ ಮುಂದಿಟ್ಟರು. ಒಬ್ಬರಿಗೂ ಬರಲಿಲ್ಲ. ಆಮೇಲೆ ಚಂದ್ರಿಯನ್ನು ಕರೆದು, ಅದರಿಂದಲೇ ಓದಲು ಕಲಿಯೋಣ, ನಿಮ್ಮ ಅವ್ವ ಆ ಕಾಗದ ಕೊಡುತ್ತಾಳೇನೋ ಕೇಳಿಕೊಂಡು ಬಾ ಎಂದರು. ಮೂಡಲಪಾಳ್ಯದ ಮೇಷ್ಟ್ರನ್ನು ನೋಡಲು ಆ ಭಾನುವಾರ ಅವರೇ ಹೋಗಿಬಂದಿದ್ದರು ಎಂದು ನಮಗೆ ತಿಳಿದದ್ದು ತಡವಾಗಿ.

ಅಲ್ಲಿಂದ ಮುಂದೆ ನಮ್ಮೂರಿಗೆ ಹಿಡಿದ ಹುಚ್ಚನ್ನು ಹೇಗೆ ಹೇಳಲಿ. ಮನೆಯಿಂದ ದಿನಾ ಏನಾದರೊಂದು ಅಚ್ಚಾದದ್ದು ತರಬೇಕು ಎಂದು ಮೇಷ್ಟ್ರು ಹೇಳಿದರು. ಲಗ್ನಪತ್ರಿಕೆ ಬಂತು, ಬಸ್ ಟಿಕೆಟ್ ಬಂತು, ಬೆಂಕಿಪೊಟ್ಟಣ, ಗೊಬ್ಬರದ ಚೀಲ, ಹಿರಿಯೂರಿನ ಟೆಂಟಿನ ಸಿನಿಮಾ ಚೀಟಿ, ಕೆಮ್ಮಿನ ಔಷಧಿಯ ಖಾಲಿ ಬಾಟಲಿ ಎಲ್ಲ ಬಂದವು. ಕೊಟ್ರಮ್ಮ ತನ್ನ ಗುಂಪಿನ ಹೆಂಗಸರಿಗೆ, ಎಲ್ಲಿ ಕಾಗದ ಬಿದ್ದಿದ್ದರೂ ಎತ್ತಿಕೊಂಡು ಬನ್ನಿ ಎಂದು ಹೇಳಿಬಿಟ್ಟಿದ್ದಳು. ಶೇಂಗಾ ಮೂಟೆಯ ಜೊತೆ ಕಾಗದದ ಕಟ್ಟುಗಳೂ ಊರಿಗೆ ಬರತೊಡಗಿದವು. ಆಂಧ್ರದ ಗಡಿ ಹತ್ತಿರವಾದ್ದರಿಂದ ಕೆಲವು ತೆಲುಗಿನವು, ಅವನ್ನು ಗುರುತಿಸಿ ಬೇರೆ ಇಡುವುದೇ ನಮಗೊಂದು ಜಂಬ.

ನಾನು ಮೊದಲು ಪೂರ್ತಿ ಓದಿದ ಪದ, ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಮೇಲಿದ್ದ 'ಎಚ್ಚರಿಕೆ'. ಒತ್ತಕ್ಷರ ಇದ್ದಕ್ಕಿದ್ದಂತೆ ಬಾಯಿಗೆ ಬಂತು. ಅಪ್ಪನಿಗೆ ತೋರಿಸಲು ಡಬ್ಬಿ ಹಿಡಿದುಕೊಂಡೇ ಓಡಿದೆ. ಅದನ್ನು ಕೆಳಗಿಡು ಮೊದಲು ಎಂದು ಅಪ್ಪ ಗದರಿದರು. ಇನ್ನೊಂದು ದಿನ ಚಂದ್ರಿ ಪಾಲಮ್ಮಜ್ಜಿಯ ಮನೆಯ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಪಕ್ಕ ಬರೆದದ್ದನ್ನು ಗಟ್ಟಿಯಾಗಿ ಓದಿದಳು, "ಎರಡು ಅಥವಾ ಮೂರು ಸಾಕು." ಒಂಬತ್ತು ಮಕ್ಕಳನ್ನು ಹೆತ್ತ ಪಾಲಮ್ಮಜ್ಜಿ, ಇಷ್ಟು ದಿನ ನನ್ನ ಗೋಡೆ ಮೇಲೆ ಇದನ್ನೇ ಬರೆದಿದ್ದರೇ ಎಂದು ಬಿದ್ದು ಬಿದ್ದು ನಕ್ಕಳು.

ಸಂಕ್ರಾಂತಿಯ ಹೊತ್ತಿಗೆ ಚಂದ್ರಿ ಮಾವನಿಗೆ ಉತ್ತರ ಬರೆದಳು. ಏಳು ಸಾಲು. ತಪ್ಪುಗಳನ್ನು ಮೇಷ್ಟ್ರು ತಿದ್ದಲಿಲ್ಲ, ಹಾಗೇ ಹೋಗಲಿ ಎಂದರು. ಟಪಾಲು ಡಬ್ಬಕ್ಕೆ ಹಾಕಲು ಕೊಟ್ರಮ್ಮ ಧರ್ಮಪುರದವರೆಗೆ ನಡೆದುಕೊಂಡೇ ಹೋದಳು.

ಮಾರ್ಚಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ತನಿಖೆಗೆ ಬಂದರು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಪಂಚಾಯ್ತಿ ಛೇರ್ಮನ್ ದೊಡ್ಡತಿಮ್ಮಪ್ಪನವರು ಹೊಸ ಪಂಚೆಯಲ್ಲಿ. ಸಾಹೇಬರು ಎರಡು ಪದ್ಯ ಹೇಳಿಸಿದರು, ಹನ್ನೆರಡರ ಮಗ್ಗಿ ಹೇಳಿಸಿದರು. ನಾವು ಹಳೆಯ ಅಭ್ಯಾಸದಂತೆ ಕೂಗಿ ಹೇಳಿದೆವು. ಅವರು ತೃಪ್ತಿಯಿಂದ ತಲೆಯಾಡಿಸಿ ಭೇಟಿ ಪುಸ್ತಕ ಕೇಳಿದರು, ಪೆನ್ನಿನ ಮುಚ್ಚಳ ತೆಗೆದರು.

ಆಗ ಬಾಗಿಲಿನಿಂದ ಕೊಟ್ರಮ್ಮನ ಧ್ವನಿ ಬಂತು. "ಸ್ವಾಮೀ, ಈಗಲೇ ಬರೀಬ್ಯಾಡ್ರಿ. ಇನ್ನೂ ನೀವು ನೋಡೇ ಇಲ್ಲ."

ದೊಡ್ಡತಿಮ್ಮಪ್ಪನವರು ಅವಳನ್ನು ಸುಮ್ಮನಿರಿಸಲು ಎದ್ದರು. ಸಾಹೇಬರು ಕನ್ನಡಕದ ಮೇಲಿಂದ ಅವಳನ್ನು ನೋಡಿ, ಮತ್ತೆ ಹೇಗೆ ನೋಡಬೇಕು ಹೇಳಮ್ಮ ಎಂದರು. ನಿಮ್ಮ ಚೀಲದಲ್ಲಿರುವ ಯಾವುದಾದರೂ ಕಾಗದ ಕೊಡಿ, ಮಕ್ಕಳು ಓದಲಿ ಎಂದಳು ಕೊಟ್ರಮ್ಮ. ಮೇಷ್ಟ್ರ ಕಡೆ ನೋಡಿದೆ. ಅವರ ಹಣೆಯಲ್ಲಿ ಬೆವರು, ಆದರೆ ಬೇಡವೆನ್ನಲಿಲ್ಲ.

ಸಾಹೇಬರು ಚೀಲಕ್ಕೆ ಕೈಹಾಕಿ ಸಿಕ್ಕಿದ ಒಂದು ಚೀಟಿ ತೆಗೆದು ಚಂದ್ರಿಗೆ ಕೊಟ್ಟರು. ಚಂದ್ರಿ ಎದ್ದು ನಿಂತು ಓದಿದಳು. "ಹುಣಸೆಹಣ್ಣು ಎರಡು ಸೇರು. ಒಣಮೆಣಸಿನಕಾಯಿ ಒಂದು ಸೇರು. ಹಿರಿಯೂರಿನಲ್ಲಿ ಸಿಕ್ಕಿದರೆ ಒಳ್ಳೆಯ ಚಾಪೆ. ಕಳೆದ ಸಲ ಮರೆತು ಬಂದಿರಿ. ಈ ಸಲ ಮರೆತರೆ..." ಅವಳು ನಿಲ್ಲಿಸಿ ಸಾಹೇಬರ ಮುಖ ನೋಡಿ ಕೇಳಿದಳು, "ಮುಂದಿಂದೂ ಓದ್ಲಾ ಸಾರ್?"

ಸಾಹೇಬರು ಚೀಟಿ ಕಸಿದುಕೊಂಡು ತಾವೇ ಮೊದಲು ನಕ್ಕರು. ಆಮೇಲೆ ಛೇರ್ಮನ್ನರು, ಮೇಷ್ಟ್ರು, ಕಿಟಕಿಯಲ್ಲಿ ನೇತಾಡುತ್ತಿದ್ದ ಊರಿನವರು ಎಲ್ಲ ನಕ್ಕರು. ನಗು ನಿಂತ ಮೇಲೆ ಸಾಹೇಬರು ಒಂದು ಸರ್ಕಾರಿ ಸುತ್ತೋಲೆ ತೆಗೆದು ನನ್ನ ಕೈಗೆ ಕೊಟ್ಟರು. ಮೂರು ಸಾಲು ಓದಿದೆ. ನಾಲ್ಕನೆಯ ಸಾಲಿನಲ್ಲಿ 'ಅನುಷ್ಠಾನಗೊಳಿಸತಕ್ಕದ್ದು' ಎಂಬ ಪದವನ್ನು ತುಂಡು ತುಂಡು ಮಾಡಿ ದಾಟಿ, ಹಾಗಂದರೇನು ಎಂದು ಕೇಳಿದೆ. ಸಾಹೇಬರು ಸ್ವಲ್ಪ ಯೋಚಿಸಿ, ಮಾಡಬೇಕು ಅಂತ ಎಂದರು. ಹಾಗಾದರೆ ಮಾಡಬೇಕು ಅಂತಲೇ ಯಾಕೆ ಬರೆಯಲಿಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಸುತ್ತೋಲೆ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಅವರು ಬಹಳ ಚೆನ್ನಾಗಿದೆ ಎಂದು ಹೇಳುವಷ್ಟರಲ್ಲಿ ಕೊಟ್ರಮ್ಮ ಮತ್ತೆ ಬಾಯಿ ಹಾಕಿದಳು.

"ಪೂರ್ತಿ ಚೆನ್ನಾಗಿಲ್ಲ ಸ್ವಾಮಿ. ಮೂರು ನಾಲ್ಕನೇ ಕ್ಲಾಸಿನಾಗೆ ಹತ್ತೊಂಬತ್ತು ಮಕ್ಕಳು ಅವೆ. ಹನ್ನೆರಡಕ್ಕೆ ಓದಕ್ಕೆ ಬರ್ತೈತೆ. ಏಳಕ್ಕೆ ಬರಲ್ಲ. ಮೇಷ್ಟ್ರು ಒಬ್ಬರೇ, ಎಷ್ಟು ಅಂತ ಮಾಡ್ತಾರೆ? ಅದನ್ನೂ ಬರೀರಿ."

ಹನುಮಂತಯ್ಯ ಮೇಷ್ಟ್ರು ಮುಂದೆ ಬಂದು, ಆಕೆ ಹೇಳುವ ಲೆಕ್ಕ ಸರಿಯಾಗಿದೆ, ಆ ಏಳು ಮಕ್ಕಳಿಗೆ ತಾವು ಹೊತ್ತು ಕೊಡಲಾಗಿಲ್ಲ ಎಂದರು. ಅವತ್ತು ಅವರು ನನಗೆ ತುಂಬಾ ಎತ್ತರವಾಗಿ ಕಂಡರು. ಸಾಹೇಬರು ಭೇಟಿ ಪುಸ್ತಕದಲ್ಲಿ ಒಂದು ಪುಟ ತುಂಬಾ ಬರೆದರು. ಅವರ ಜೀಪು ಹೋದ ಮೇಲೆ ಮೇಷ್ಟ್ರು ಅದನ್ನು ಕೊಟ್ರಮ್ಮನಿಗೆ ಓದಿ ಹೇಳಿದರು. ಶಾಲೆಗೆ ಎರಡನೆಯ ಶಿಕ್ಷಕರು ತುರ್ತಾಗಿ ಬೇಕು ಎಂದಿತ್ತು. ತುರ್ತಾಗಿ ಎಂದರೆ ನಾಳೆಯೋ ನಾಡಿದ್ದೋ ಎಂದು ಅವಳು ಕೇಳಿದಳು.

ನಾಳೆ ಬರಲಿಲ್ಲ. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಎರಡನೆಯ ಸೋಮವಾರ, ಹಿರಿಯೂರಿನ ಬಸ್ಸಿನಿಂದ ನಮ್ಮೂರ ಕ್ರಾಸಿನಲ್ಲಿ ಒಂದು ಟ್ರಂಕು ಇಳಿಯಿತು, ಅದರ ಹಿಂದೆ ಮಲೀಕಾ ಟೀಚರು. ಹಿರಿಯೂರು ಪೇಟೆಯವರು, ವಯಸ್ಸು ಇಪ್ಪತ್ತೆರಡು ಇರಬಹುದು, ಮೊದಲ ಕೆಲಸ. ಮೇಷ್ಟ್ರಿಂದ ಸುದ್ದಿ ತಿಳಿದು ಊರಿಗೆ ಊರೇ ಕ್ರಾಸಿನಲ್ಲಿ ನೆರೆದಿದ್ದುದನ್ನು ನೋಡಿ ಅವರಿಗೆ ಗಾಬರಿಯಾಯಿತು. ಯಾರ ಮನೆಯಲ್ಲಾದರೂ ಮದುವೆಯೇ ಎಂದು ಕೇಳಿದರು.

"ಇಲ್ಲಮ್ಮಾ, ನಿಮಗೇ ಕಾಯ್ತಿದ್ವಿ. ಬರ್ರಿ, ಶಾಲಿಗೆ ಹೋಗಾಣ," ಎಂದು ಕೊಟ್ರಮ್ಮ ಟ್ರಂಕನ್ನು ತಲೆಗೇರಿಸಿಕೊಂಡಳು.

ಚಂದ್ರಿಯೂ ನಾನೂ ಆ ವರ್ಷ ಐದನೇ ಕ್ಲಾಸಿಗೆ ಧರ್ಮಪುರದ ಶಾಲೆ ಸೇರಿದ್ದೆವು. ಅವತ್ತು ಮಾತ್ರ ಇಬ್ಬರೂ ಚಕ್ಕರ್ ಹೊಡೆದು ಅವರ ಹಿಂದೆ ಓಡಿದೆವು. ದಾರಿಯುದ್ದಕ್ಕೂ ಕೊಟ್ರಮ್ಮ ಇನ್ನೂ ನಮ್ಮೂರ ಶಾಲೆಯಲ್ಲೇ ಉಳಿದಿದ್ದ ಆ ಏಳು ಮಕ್ಕಳ ವಿಷಯವನ್ನೇ ಹೇಳುತ್ತಿದ್ದಳು. ಯಾರಿಗೆ ಒತ್ತಕ್ಷರ ಹತ್ತುವುದಿಲ್ಲ, ಯಾರು ಕುರಿ ಕಾಯಲು ಹೋಗಿ ಶಾಲೆ ತಪ್ಪಿಸುತ್ತಾನೆ, ಯಾರು ಗೊತ್ತಿದ್ದರೂ ಹೆದರಿ ಬಾಯಿ ಬಿಡುವುದಿಲ್ಲ. ಮಲೀಕಾ ಟೀಚರು ಮೊದಮೊದಲು ಹೂಂಗುಟ್ಟುತ್ತಿದ್ದರು. ಕೆರೆ ಏರಿಯ ಹತ್ತಿರ ಬಂದಾಗ ನಿಂತು, ಇನ್ನೊಂದು ಸಲ ಆ ಮಕ್ಕಳ ಹೆಸರು ಹೇಳಮ್ಮ ಎಂದು ಕೈಚೀಲದಿಂದ ಪೆನ್ಸಿಲ್ ತೆಗೆದರು.